ಬೇಗ ಮುಗಿಯೋ ಟೆಸ್ಟು, ಬಾಗಲಕೋಟೆ ಸಿಗದ ಡೇಟಾಬೇಸು

ಈ ಸಲ ಸ್ವಲ್ಪ ಕೆಲಸದ ವಿಷಯ ಬರೀತಾ ಇದೀನಿ. ಕವನ, ಹರಟೆ, ಪ್ರವಾಸದ ಫೋಟೋ ಹುಡುಕಿಕೊಂಡು ಬಂದವರು ಬೇಜಾರು ಮಾಡ್ಕೋಬೇಡಿ. ಆದ್ರೆ ದಯವಿಟ್ಟು ಅರ್ಧಕ್ಕೆ ಬಿಟ್ಟು ಹೋಗಬೇಡಿ. ಇದು ಸಾಫ್ಟ್‌ವೇರಿನವರ ಮನೆ ಜಗಳದ ಥರ ಕಂಡರೂ, ಯೂನಿಕೋಡಿನಲ್ಲಿ ಕನ್ನಡ ಬರೆಯೋ ನಮ್ಮೆಲ್ಲರ ತಲೆ ಮೇಲೂ ಬೀಳೋ ವಿಷಯ. ನಿಮ್ಮಲ್ಲಿ ಎಷ್ಟೋ ಜನ ಯಾವುದೋ ಸೈಟಿನಲ್ಲಿ ನಿಮ್ಮ ಹೆಸರನ್ನ ಕನ್ನಡದಲ್ಲಿ ಟೈಪ್ ಮಾಡಿ, ಸೇವ್ ಒತ್ತಿ, ಆಮೇಲೆ ನೋಡಿದರೆ ಬರೀ ?????? ಕಂಡಿರಬೇಕು. ಆ ಪ್ರಶ್ನಾರ್ಥಕ ಚಿಹ್ನೆಗಳು ಎಲ್ಲಿಂದ ಹುಟ್ಟುತ್ತವೆ ಅಂತ ಯೋಚನೆ ಮಾಡಿದೀರಾ? ಅದರಲ್ಲಿ ಒಂದು ದೊಡ್ಡ ಪಾಲು ಹುಟ್ಟೋದು ನಾವು ಇಂಜಿನಿಯರುಗಳು ಟೆಸ್ಟ್ ಮಾಡೋ ರೀತಿಯಲ್ಲಿ.

ನನ್ನ ತಕರಾರು ಮೊದಲೇ ಹೇಳಿಬಿಡ್ತೀನಿ. ಡೇಟಾಬೇಸ್ ಜತೆ ಮಾತಾಡೋ ಲೈಬ್ರರಿಗಳ ಟೆಸ್ಟುಗಳನ್ನ ವೇಗ ಮಾಡಬೇಕು, ಖಂಡಿತ ಮಾಡಬೇಕು. ಆದರೆ ವೇಗದ ಹೆಸರಲ್ಲಿ ಅಸಲಿ ಡೇಟಾಬೇಸನ್ನ ತೆಗೆದು ಅದರ ಜಾಗದಲ್ಲಿ ಡಮ್ಮಿ ಕೂರಿಸೋದು ಮೋಸ. ಆ ಮೋಸಕ್ಕೆ ಮೊದಲು ದಂಡ ಕಟ್ಟೋದು ಇಂಗ್ಲಿಷ್ ಅಲ್ಲ, ಕನ್ನಡ.

ಈ ಲೈನಿನಲ್ಲಿ ಇಲ್ಲದವರಿಗೆ ಎರಡು ಮಾತು. ಡೇಟಾಬೇಸಿಗೆ ಅದರದ್ದೇ ಒಂದು ಭಾಷೆ ಇದೆ, ಎಸ್‌ಕ್ಯೂಎಲ್ ಅಂತ. ನಾವು ಪ್ರೋಗ್ರಾಮ್ ಬರೆಯೋದು ಪೈಥಾನ್, ಜಾವಾ ಹೀಗೆ ಬೇರೆ ಭಾಷೆಯಲ್ಲಿ. ನಡುವೆ ನಿಂತು ನಮ್ಮ ಮಾತನ್ನ ಡೇಟಾಬೇಸಿಗೆ, ಡೇಟಾಬೇಸಿನ ಮಾತನ್ನ ನಮಗೆ ತಲುಪಿಸೋ ದುಭಾಷಿಯೇ ಕ್ವೆರಿ ಲೈಬ್ರರಿ. ಈ ದುಭಾಷಿಗೆ ಒಂದು ಕಷ್ಟ ಇದೆ. ಎಸ್‌ಕ್ಯೂಎಲ್ ಅನ್ನೋದು ಹೆಸರಿಗೆ ಒಂದೇ ಭಾಷೆ. ಪೋಸ್ಟ್‌ಗ್ರೆಸ್ಸಿನದು ಒಂದು ಆಡುಮಾತು, ಮೈಎಸ್‌ಕ್ಯೂಎಲ್ಲಿನದು ಇನ್ನೊಂದು, ಎಸ್‌ಕ್ಯೂಲೈಟಿನದು ಮತ್ತೊಂದು. ನಮ್ಮ ಬಾಗಲಕೋಟೆ ಕನ್ನಡಕ್ಕೂ ಮಂಗಳೂರು ಕನ್ನಡಕ್ಕೂ ಇರೋ ಹಾಗೆ. ಎರಡೂ ಕನ್ನಡವೇ, ಆದರೆ ಇಲ್ಲಿ ಗೊತ್ತಿರೋ ಮಾತು ಅಲ್ಲಿ ನಗೆಪಾಟಲಾಗಬಹುದು.

ದುಭಾಷಿ ಸರಿಯಾಗಿ ಕೆಲಸ ಮಾಡ್ತಾನಾ ಅಂತ ನೋಡೋಕೆ ಟೆಸ್ಟ್ ಬರೀತೀವಿ. ಒಂದಲ್ಲ ಎರಡಲ್ಲ, ಸಾವಿರಗಟ್ಟಲೆ. ಕೋಡಿನಲ್ಲಿ ಒಂದು ಸಾಲು ಬದಲಾದರೂ ಅಷ್ಟೂ ಟೆಸ್ಟು ಮತ್ತೆ ಓಡಬೇಕು. ನಿಧಾನದ ಗೋಳು ಶುರುವಾಗೋದು ಇಲ್ಲೇ. ಸುಮ್ಮನೆ ಲೆಕ್ಕ ಹಾಕಿ. ಎರಡು ಸಾವಿರ ಟೆಸ್ಟ್ ಇವೆ ಅಂದ್ಕೊಳ್ಳಿ. ಪ್ರತಿ ಟೆಸ್ಟಿಗೂ ಮುಂಚೆ ಟೇಬಲ್ ಕಟ್ಟಿ, ಆಮೇಲೆ ಕೆಡವೋದಕ್ಕೆ ಅರ್ಧ ಸೆಕೆಂಡ್ ಅಂದರೂ ಸಾವಿರ ಸೆಕೆಂಡ್ ಆಯ್ತು. ಸುಮಾರು ಹದಿನೇಳು ನಿಮಿಷ! ಇನ್ನೂ ಟೆಸ್ಟಿನ ಅಸಲಿ ಕೆಲಸ ಶುರುವೇ ಆಗಿಲ್ಲ.

ಹದಿನೇಳು ನಿಮಿಷ ಕಾಯೋ ಟೆಸ್ಟನ್ನ ಯಾರೂ ಓಡಿಸಲ್ಲ. ಚಹಾಕ್ಕೆ ಹೋಗ್ತಾರೆ, ವಾಟ್ಸಾಪ್ ನೋಡ್ತಾರೆ, ಕೊನೆಗೆ ಟೆಸ್ಟ್ ಓಡಿಸದೇನೇ ಕೋಡ್ ಕಳಿಸ್ತಾರೆ. ಹಾಗಾಗಿ "ನಿಧಾನ ಆದ್ರೇನು, ಸರಿ ಇದ್ರೆ ಸಾಕು" ಅನ್ನೋರ ಜತೆಗೂ ನನಗೆ ಜಗಳ ಇದೆ. ಓಡಿಸದ ಟೆಸ್ಟು ಎಷ್ಟು ಸರಿ ಇದ್ದರೇನು? ಅಟ್ಟದ ಮೇಲಿಟ್ಟ ಛತ್ರಿ ಥರ.

ಇದರಲ್ಲಿ ಊರಿನ ಪ್ರಶ್ನೆಯೂ ಇದೆ. ಬೆಂಗಳೂರಿನಲ್ಲಿ ಕಂಪನಿ ಕೊಟ್ಟ ದೊಡ್ಡ ಲ್ಯಾಪ್‌ಟಾಪ್ ಇಟ್ಕೊಂಡವನಿಗೆ ಮೂರು ಡೇಟಾಬೇಸುಗಳ ಡಾಕರ್ ಇಮೇಜ್ ಇಳಿಸ್ಕೊಂಡು ಓಡಿಸೋದು ದೊಡ್ಡ ಮಾತಲ್ಲ. ಹುನಗುಂದದಲ್ಲೋ ಇಳಕಲ್ಲಿನಲ್ಲೋ ಹಳೇ ಲ್ಯಾಪ್‌ಟಾಪಿಗೆ ಮೊಬೈಲ್ ಹಾಟ್‌ಸ್ಪಾಟ್ ಹಚ್ಚಿಕೊಂಡು ಕೂತ ಹುಡುಗಿಯ ಕಥೆ ಬೇರೆ. ಅವಳಿಗೆ ಒಂದು ಮುಕ್ತ ತಂತ್ರಾಂಶಕ್ಕೆ ಪ್ಯಾಚ್ ಕಳಿಸೋ ಆಸೆ ಇದೆ ಅಂತಿಟ್ಕೊಳ್ಳಿ. ಇಮೇಜ್ ಇಳಿಯೋದ್ರಲ್ಲಿ ಡೇಟಾ ಪ್ಯಾಕ್ ಖಾಲಿ. ಟೆಸ್ಟ್ ಮುಗಿಯೋದ್ರಲ್ಲಿ ಕರೆಂಟ್ ಹೋಯ್ತು. ಅವಳು ಇನ್ನೊಂದು ಸಲ ಆ ಕಡೆ ತಲೆ ಹಾಕ್ತಾಳಾ? ಟೆಸ್ಟ್ ನಿಧಾನ ಇದ್ದಷ್ಟೂ ಆ ಲೈಬ್ರರಿಗೆ ಕೈ ಹಚ್ಚೋರು ದೊಡ್ಡ ಊರಿನ, ದೊಡ್ಡ ಮಷೀನಿನ ಜನ ಮಾತ್ರ ಆಗ್ತಾರೆ. ಕನ್ನಡ ಒಡೆದು ಹೋದರೆ ಗಮನಿಸೋಕೆ ಅಲ್ಲಿ ಯಾರೂ ಇರಲ್ಲ. ಆದ್ದರಿಂದ ವೇಗ ಅನ್ನೋದು ನನಗೆ ಶೋಕಿಯಲ್ಲ, ಬೇಕೇ ಬೇಕು.

ಈಗ ಜಗಳಕ್ಕೆ ಬರೋಣ.

ಟೆಸ್ಟ್ ನಿಧಾನ ಅಂದ ತಕ್ಷಣ ಪ್ರತಿ ಟೀಮಿನಲ್ಲೂ ಒಬ್ಬ ಜಾಣ ಎದ್ದು ನಿಲ್ತಾನೆ. "ಪೋಸ್ಟ್‌ಗ್ರೆಸ್ ಯಾಕೆ ಬೇಕು ಟೆಸ್ಟಿಗೆ? ಎಸ್‌ಕ್ಯೂಲೈಟನ್ನ ಮೆಮೊರಿಯಲ್ಲಿ ಓಡಿಸಿಬಿಡೋಣ. ಸೆಕೆಂಡುಗಳಲ್ಲಿ ಮುಗಿಯತ್ತೆ." ಎಲ್ಲರೂ ಚಪ್ಪಾಳೆ. ಮ್ಯಾನೇಜರಿಗೆ ಸ್ಲೈಡಿನಲ್ಲಿ ಹಾಕೋಕೆ ಒಂದು ಗ್ರಾಫ್ ಸಿಕ್ತು. ಎಲ್ಲ ಕಡೆ ಹಸಿರು ಟಿಕ್ಕು. ನಾನು ಹೋದ ಕಡೆಯೆಲ್ಲ ಈ ನಾಟಕ ನೋಡಿದೀನಿ. ಪಾತ್ರಧಾರಿಗಳು ಬೇರೆ, ಡೈಲಾಗ್ ಅದೇ.

ಎಸ್‌ಕ್ಯೂಲೈಟ್ ಕೆಟ್ಟದ್ದು ಅಂತ ನಾನು ಹೇಳ್ತಿಲ್ಲ. ಅದು ಅದ್ಭುತ ಸಾಫ್ಟ್‌ವೇರ್, ನಿಮ್ಮ ಫೋನಿನಲ್ಲೂ ಇದೆ. ಆದರೆ ಅದು ಅದೇ, ಪೋಸ್ಟ್‌ಗ್ರೆಸ್ ಅಲ್ಲ. ಮಂಗಳೂರಿಗೆ ಕಳಿಸೋ ದುಭಾಷಿಯನ್ನ ಬಾಗಲಕೋಟೆ ಬಸ್‌ಸ್ಟ್ಯಾಂಡಿನಲ್ಲಿ ನಿಲ್ಲಿಸಿ "ಮಾತಾಡು ನೋಡೂಣು" ಅಂತ ಪರೀಕ್ಷೆ ಮಾಡಿ ಪಾಸ್ ಮಾಡಿದ ಹಾಗಾಯ್ತು. ಹತ್ತಿರದಲ್ಲೇ ಪರೀಕ್ಷೆ ಮಾಡಿದ್ದರಿಂದ ಬಸ್ ಚಾರ್ಜ್ ಉಳೀತು, ಸರಿ. ಅವನು ಮಂಗಳೂರಿನಲ್ಲಿ ಮಾತಾಡ್ತಾನೋ ಇಲ್ಲವೋ ಅನ್ನೋದು ಮಾತ್ರ ಇನ್ನೂ ಗೊತ್ತಾಗಿಲ್ಲ.

ಬರೀ ಬೈದರೆ ಆಗಲಿಲ್ಲ, ಸಾಕ್ಷಿ ಕೊಡಬೇಕಲ್ಲ. ನಮ್ಮ ಜಿಲ್ಲೆಯ ನಾಲ್ಕು ಊರುಗಳನ್ನೇ ತಗೊಳ್ಳೋಣ: ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್. ನಾಲ್ಕೇ ಹೆಸರು ಸಾಕು, ಹಸಿರು ಟಿಕ್ಕಿನ ಬಣ್ಣ ಬಯಲು ಮಾಡೋಕೆ.

ಮೊದಲು ಹುನಗುಂದ. ನಾವು ಓದುವಾಗ ನಾಲ್ಕು ಅಕ್ಷರ: ಹು, ನ, ಗುಂ, ದ. ಯೂನಿಕೋಡಿನ ಲೆಕ್ಕದಲ್ಲಿ ಏಳು. ಯಾಕಂದ್ರೆ ಕೊಂಬು, ಸೊನ್ನೆ ಎಲ್ಲವೂ ಬೇರೆ ಬೇರೆ ಕೋಡ್‌ಪಾಯಿಂಟ್. ಬೈಟಿನ ಲೆಕ್ಕದಲ್ಲಿ ಇಪ್ಪತ್ತೊಂದು, ಒಂದೊಂದು ಕನ್ನಡ ಕೋಡ್‌ಪಾಯಿಂಟಿಗೆ ಯುಟಿಎಫ್-8ರಲ್ಲಿ ಮೂರು ಬೈಟ್ ಬೇಕು. ಈಗ ಯಾರೋ ಕಾಲಮ್ಮಿಗೆ ಐದು ಅಕ್ಷರದ ವಾರ್‌ಚಾರ್ ಮಿತಿ ಹಾಕಿದಾರೆ ಅನ್ನಿ. ಎಸ್‌ಕ್ಯೂಲೈಟಿಗೆ ಆ ಮಿತಿ ಲೆಕ್ಕಕ್ಕೇ ಇಲ್ಲ, ಐದು ಅಂತ ಬರೆದರೂ ಐನೂರು ತುಂಬಿಸ್ಕೊಳ್ಳತ್ತೆ. ಟೆಸ್ಟ್ ಪಾಸ್. ಪೋಸ್ಟ್‌ಗ್ರೆಸ್ಸಿಗೆ ಕೊಟ್ಟು ನೋಡಿ, "ಉದ್ದ ಜಾಸ್ತಿ ಆಯ್ತು" ಅಂತ ಎರರ್ ಎಸೆಯತ್ತೆ. ಮೈಎಸ್‌ಕ್ಯೂಎಲ್ ಕಟ್ಟುನಿಟ್ಟಿನ ಮೋಡಿನಲ್ಲಿದ್ದರೆ ಅದೂ ಅಷ್ಟೇ. ಮೋಡ್ ಸಡಿಲ ಇದ್ದರೆ ಇನ್ನೂ ಕೆಟ್ಟದ್ದು, ಬರೀ ಒಂದು ವಾರ್ನಿಂಗ್ ಕೊಟ್ಟು ಐದಕ್ಕೆ ಕತ್ತರಿಸಿ "ಹುನಗು" ಅಂತ ಇಟ್ಕೊಳ್ಳತ್ತೆ. ಆ ವಾರ್ನಿಂಗನ್ನ ಓದೋರು ಯಾರು?

ಉದ್ದ ಕೇಳೋ ಫಂಕ್ಷನ್ನೇ ತಗೊಳ್ಳಿ. ಲೆಂಗ್ತ್ ಅನ್ನೋ ಹೆಸರು ಮೂರರಲ್ಲೂ ಇದೆ. ಹುನಗುಂದದ ಉದ್ದ ಎಷ್ಟು ಅಂದ್ರೆ ಎಸ್‌ಕ್ಯೂಲೈಟ್ ಏಳು ಅನ್ನತ್ತೆ, ಪೋಸ್ಟ್‌ಗ್ರೆಸ್ ಏಳು ಅನ್ನತ್ತೆ, ಮೈಎಸ್‌ಕ್ಯೂಎಲ್ ಇಪ್ಪತ್ತೊಂದು ಅನ್ನತ್ತೆ! ಅದು ಬೈಟ್ ಎಣಿಸತ್ತೆ. ಅಕ್ಷರ ಎಣಿಸೋಕೆ ಅಲ್ಲಿ ಬೇರೆ ಫಂಕ್ಷನ್ ಇದೆ. ಇಂಗ್ಲಿಷಿನ ಹೆಸರು ಹಾಕಿ ಟೆಸ್ಟ್ ಮಾಡಿದರೆ ಈ ವ್ಯತ್ಯಾಸ ಜನ್ಮದಲ್ಲಿ ಕಾಣಲ್ಲ. ಅಲ್ಲಿ ಒಂದು ಅಕ್ಷರಕ್ಕೆ ಒಂದೇ ಬೈಟ್, ಎಲ್ಲ ಲೆಕ್ಕವೂ ತಾಳೆ ಆಗತ್ತೆ.

ಎರಡನೇದು ಬಾಗಲಕೋಟೆ. ಇದರಲ್ಲಿ "ಕೋ" ಇದೆ ನೋಡಿ, ಅದೇ ಕಿತಾಪತಿ. ಯೂನಿಕೋಡಿನಲ್ಲಿ ಓಕಾರದ ಚಿಹ್ನೆಯನ್ನ ಒಂದೇ ಕೋಡ್‌ಪಾಯಿಂಟಾಗಿ ಬರೀಬಹುದು. ಎಕಾರ, ಊಕಾರದ ಕೊಂಬು, ದೀರ್ಘ ಅಂತ ಮೂರು ತುಂಡಾಗಿಯೂ ಬರೀಬಹುದು. ಯೂನಿಕೋಡ್ ನಿಯಮದ ಪ್ರಕಾರ ಎರಡೂ ಸಮಾನ, ಕಣ್ಣಿಗೂ ಒಂದೇ. ಆದರೆ ಮೊದಲನೇ ಬಾಗಲಕೋಟೆಗೆ ಎಂಟು ಕೋಡ್‌ಪಾಯಿಂಟ್, ಎರಡನೇದಕ್ಕೆ ಹತ್ತು. ಹಳೇ ನುಡಿ ಫೈಲುಗಳಲ್ಲಿ ಅಕ್ಷರಗಳು ತುಂಡು ತುಂಡು ಆಕಾರಗಳಾಗಿ ಇರ್ತಿದ್ದವು, ಹಳಬರಿಗೆ ನೆನಪಿರಬಹುದು. ಅದನ್ನ ಯೂನಿಕೋಡಿಗೆ ತಿರುಗಿಸುವಾಗ ತುಂಡುಗಳನ್ನ ಸೇರಿಸದೇ ಬಿಟ್ಟರೆ ಎರಡನೇ ಥರದ ಬಾಗಲಕೋಟೆ ಡೇಟಾಬೇಸಿಗೆ ಇಳಿಯತ್ತೆ. ಈಗ ಬಾಗಲಕೋಟೆ ಅಂತ ಹುಡುಕಿ. ಅರ್ಧ ಜನ ಸಿಗ್ತಾರೆ, ಇನ್ನರ್ಧ ಜನ ಇಲ್ಲವೇ ಇಲ್ಲ! ಎರರ್ ಬರಲ್ಲ, ಕೆಂಪು ದೀಪ ಹತ್ತಲ್ಲ, ಸುಮ್ಮನೆ ಕಾಣೆ.

ಇದಕ್ಕೆ ಔಷಧ ಇದೆ. 2020ರಲ್ಲಿ ಬಂದ ಪೋಸ್ಟ್‌ಗ್ರೆಸ್ 13ರಿಂದ ಇಂಥ ರೂಪಗಳನ್ನ ಒಂದೇ ಮಾಡೋ ನಾರ್ಮಲೈಸ್ ಅನ್ನೋ ಫಂಕ್ಷನ್ ಅದರೊಳಗೇ ಇದೆ. ಎಸ್‌ಕ್ಯೂಲೈಟಿನಲ್ಲಿ ಹಾಗೆ ಒಳಗಿಂದೊಳಗೇ ಇಲ್ಲ, ಅದರ ಮಾಮೂಲಿ ಹೋಲಿಕೆ ಬೈಟಿಗೆ ಬೈಟು. ಮೈಎಸ್‌ಕ್ಯೂಎಲ್‌ನಲ್ಲಿ ಉತ್ತರ ನೀವು ಆರಿಸಿದ ಕೊಲೇಶನ್ ಮೇಲೆ ನಿಂತಿದೆ. ಹೀಗಿರುವಾಗ ಪೋಸ್ಟ್‌ಗ್ರೆಸ್ಸಿನ ನಾರ್ಮಲೈಸನ್ನ ಬಳಸೋ ಕ್ವೆರಿ ಸರಿ ಇದೆಯಾ ಅಂತ ಎಸ್‌ಕ್ಯೂಲೈಟ್ ಮೇಲೆ ಹೇಗೆ ಟೆಸ್ಟ್ ಮಾಡ್ತೀರಿ ಸ್ವಾಮಿ? ಮಾಡೋಕಾಗಲ್ಲ. ಆ ಟೆಸ್ಟನ್ನ ಸ್ಕಿಪ್ ಅಂತ ಗುರುತು ಹಾಕ್ತಾರೆ. ಸ್ಕಿಪ್ ಆದದ್ದೂ ಹಸಿರು ಲೆಕ್ಕಕ್ಕೇ ಸೇರತ್ತೆ.

ಮೂರನೇದು ಬಾದಾಮಿ. ಓದೋಕೆ ಮೂರಕ್ಷರ, ಯೂನಿಕೋಡಿಗೆ ಆರು. ಮೂರಕ್ಷರದ ಊರು ಹುಡುಕು ಅಂತ ಲೈಕ್ ಕ್ವೆರಿಯಲ್ಲಿ ಮೂರು ಅಂಡರ್‌ಸ್ಕೋರ್ ಹಾಕಿದರೆ ಬಾದಾಮಿ ಸಿಗಲ್ಲ. ಮೊದಲ ಅಕ್ಷರ ಕೊಡು ಅಂದ್ರೆ "ಬಾ" ಬರಲ್ಲ, ಕಾಲು ಮುರಿದ "ಬ" ಬರತ್ತೆ. ಅಕಾರಾದಿ ಪಟ್ಟಿ ಮಾಡೋ ಸೈಟುಗಳಲ್ಲಿ ಬಾದಾಮಿ, ಬಿಜಾಪುರ, ಬೀದರ ಎಲ್ಲ ಒಂದೇ "ಬ" ಕೆಳಗೆ ತುರುಕಿಕೊಂಡಿರೋದನ್ನ ನೋಡಿದ್ದರೆ, ಅದಕ್ಕೆ ಇದೂ ಒಂದು ಕಾರಣ ಇರಬಹುದು. ಇದು ಡೇಟಾಬೇಸುಗಳ ನಡುವಿನ ವ್ಯತ್ಯಾಸ ಅಲ್ಲ, ಒಪ್ತೀನಿ. ಡಮ್ಮಿ ಡೇಟಾದ ತಪ್ಪು. ಟೆಸ್ಟಿನಲ್ಲಿ ಫೂ, ಬಾರ್, ಜಾನ್ ಡೋ ಬಿಟ್ಟು ಬೇರೆ ಹೆಸರೇ ಇಲ್ಲದಿದ್ದರೆ ಇದು ಯಾರ ಕಣ್ಣಿಗೆ ಬೀಳಬೇಕು?

ನಾಲ್ಕನೇದು ಇಳಕಲ್. ಇಲ್ಲಿ "ಳ" ಇದೆ. ಶಾಲೆಯಲ್ಲಿ ಕಲಿತ ವರ್ಣಮಾಲೆಯಲ್ಲಿ ಳ ಕಟ್ಟಕಡೆಯದು, ಹ ಆದ ಮೇಲೆ. ಯೂನಿಕೋಡ್ ಕೋಷ್ಟಕದಲ್ಲಿ ಅದು ಲ ಪಕ್ಕದಲ್ಲೇ, ವ ಮುಂಚೆ ಕೂತಿದೆ. ಬರೀ ಬೈಟ್ ನೋಡಿ ವಿಂಗಡಿಸಿದರೆ ಕಳಸ ಮೊದಲು, ಕವಿತಾಳ ಆಮೇಲೆ. ವರ್ಣಮಾಲೆ ಪ್ರಕಾರ ಕವಿತಾಳ ಮೊದಲು. ಎಸ್‌ಕ್ಯೂಲೈಟಿನ ಮಾಮೂಲಿ ವಿಂಗಡಣೆ ಬೈಟಿನದು. ಪೋಸ್ಟ್‌ಗ್ರೆಸ್, ಮೈಎಸ್‌ಕ್ಯೂಎಲ್‌ಗಳಲ್ಲಿ ಯಾವ ಕೊಲೇಶನ್ ಹಚ್ಚಿದೀರಿ ಅನ್ನೋದರ ಮೇಲೆ ಉತ್ತರ ಬದಲಾಗತ್ತೆ. ಇನ್ನು ಇಳಕಲ್ ಅನ್ನೋದಕ್ಕೆ ವಿಭಕ್ತಿ ಹಚ್ಚಿ "ಇಳಕಲ್‌ನ" ಅಂತ ಬರೆದಾಗ ಮಧ್ಯೆ ಒಂದು ಕಣ್ಣಿಗೆ ಕಾಣದ ಕ್ಯಾರೆಕ್ಟರ್ ಕೂರತ್ತೆ. "ಸಾಫ್ಟ್‌ವೇರ್" ಬರೆಯುವಾಗ ಒತ್ತಕ್ಷರ ಆಗದೇ ಇರಲಿ ಅಂತ ನಾವೆಲ್ಲ ಹಾಕ್ತೀವಲ್ಲ, ಅದೇ. ಅದನ್ನ ಹಾಕಿದ ಪದ, ಹಾಕದ ಪದ ಬೈಟಿನ ಲೆಕ್ಕದಲ್ಲಿ ಬೇರೆ ಬೇರೆ.

ಇಳಕಲ್ ಅಂದ ಮೇಲೆ ಇನ್ನೊಂದು. ಮೊದಲು ಇಳಕಲ್ ಹುನಗುಂದ ತಾಲೂಕಿನಲ್ಲಿತ್ತು, ಈಗ ಅದೇ ಒಂದು ತಾಲೂಕು. ಇಂಥ ಬದಲಾವಣೆ ಆದಾಗ ಹಳ್ಳಿಗಳ ಪಟ್ಟಿಯನ್ನ ಹೊಸ ತಾಲೂಕಿಗೆ ಜೋಡಿಸಬೇಕು. ಇಲ್ಲದ ತಾಲೂಕಿಗೆ ಹಳ್ಳಿ ಜೋಡಿಸಿದರೆ ಪೋಸ್ಟ್‌ಗ್ರೆಸ್ ಫಾರಿನ್ ಕೀ ನಿಯಮ ಹಿಡಿದು ಕಿವಿ ಹಿಂಡತ್ತೆ. ಎಸ್‌ಕ್ಯೂಲೈಟಿನಲ್ಲಿ ಫಾರಿನ್ ಕೀ ಪರಿಶೀಲನೆ ಮಾಮೂಲಿಯಾಗಿ ಆಫ್ ಇರತ್ತೆ, ಕನೆಕ್ಷನ್ ತೆರೆದಾಗಲೆಲ್ಲ ಆನ್ ಮಾಡ್ಕೋಬೇಕು. ಮರೆತರೆ ತಂದೆತಾಯಿ ಇಲ್ಲದ ಹಳ್ಳಿಗಳು ಸದ್ದಿಲ್ಲದೇ ಹುಟ್ಕೊಳ್ತವೆ. ಟೆಸ್ಟ್ ಮಾತ್ರ ಹಸಿರು.

ಇದೆಲ್ಲ ಸಣ್ಣ ವಿಷಯ ಅನಿಸ್ತಾ? ನಮ್ಮದು ಆಲಮಟ್ಟಿ ಹಿನ್ನೀರಿಗೆ ಹೊಲ, ಮನೆ, ಊರು ಬಿಟ್ಟುಕೊಟ್ಟ ಜನರ ಜಿಲ್ಲೆ. ಪಟ್ಟಿಯಲ್ಲಿ ಹೆಸರು ಇರೋದಕ್ಕೂ ಇಲ್ಲದೇ ಇರೋದಕ್ಕೂ ಏನು ವ್ಯತ್ಯಾಸ ಅಂತ ನಮ್ಮ ಕಡೆ ಹಿರಿಯರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ರೇಷನ್ ಕಾರ್ಡು, ಪಹಣಿ, ಪಿಂಚಣಿ ಎಲ್ಲ ಡೇಟಾಬೇಸಿಗೆ ಹೋಗಿರೋ ಕಾಲ ಇದು. ಕೌಂಟರಿನಲ್ಲಿ ಕೂತವನು "ನಿಮ್ಮ ಹೆಸರು ಬರವಲ್ದು ಬಿಡ್ರಿ ಅಜ್ಜಾ" ಅಂದಾಗ ಆ ಅಜ್ಜ ಯಾರನ್ನ ಕೇಳಬೇಕು? ಅವರಿಗೆ ಕೊಲೇಶನ್ ಗೊತ್ತಿಲ್ಲ, ಕೌಂಟರಿನವನಿಗೂ ಗೊತ್ತಿಲ್ಲ. ಗೊತ್ತಿರಬೇಕಾದವರು ನಾವು.

"ಹಾಗಾದ್ರೆ ಏನ್ ಮಾಡೋಣ, ಹದಿನೇಳು ನಿಮಿಷ ಕಾಯೋಣವಾ?" ಅಂತ ಆ ಜಾಣ ಕೇಳೇ ಕೇಳ್ತಾನೆ. ಬೇಡಪ್ಪಾ. ಮೊದಲು ಸಮಯ ಎಲ್ಲಿ ಹೋಗ್ತಿದೆ ಅಂತ ಅಳತೆ ಮಾಡು. ಪೈಟೆಸ್ಟಿನಂಥ ಸಲಕರಣೆಗಳಲ್ಲಿ ಯಾವ ಟೆಸ್ಟಿಗೆ, ಅದರ ತಯಾರಿಗೆ ಎಷ್ಟು ಹೊತ್ತು ಹಿಡೀತು ಅಂತ ಪಟ್ಟಿ ಕೊಡೋ ಆಯ್ಕೆ ಇದೆ. ಎಷ್ಟೋ ಸಲ ಕ್ವೆರಿ ಓಡೋಕೆ ಹೋಗೋದು ಮಿಲಿಸೆಕೆಂಡುಗಳು. ಉಳಿದಿದ್ದೆಲ್ಲ ಟೇಬಲ್ ಕಟ್ಟೋದು, ಕೆಡವೋದು, ಪ್ರತಿ ಸಲ ಹೊಸ ಕನೆಕ್ಷನ್ ತೆರೆಯೋದು, "ಡೇಟಾಬೇಸ್ ಎದ್ದಿದೆಯಾ" ಅಂತ ಸುಮ್ಮನೆ ಐದೈದು ಸೆಕೆಂಡ್ ಮಲಗೋದು. ಆ ದಂಡ ಕೆಲಸ ತೆಗೆದರೆ ಡೇಟಾಬೇಸ್ ಬದಲಾಯಿಸೋ ಮಾತೇ ಏಳಲ್ಲ.

ಮೊದಲನೇ ಕೆಲಸ, ಟೆಸ್ಟುಗಳನ್ನ ಎರಡು ರಾಶಿ ಮಾಡೋದು. ಕ್ವೆರಿ ಲೈಬ್ರರಿಯ ಅರ್ಧ ಕೆಲಸ ಎಸ್‌ಕ್ಯೂಎಲ್ ವಾಕ್ಯ ಕಟ್ಟೋದು. "ಈ ಮಾತಿಗೆ ಪೋಸ್ಟ್‌ಗ್ರೆಸ್ಸಿನಲ್ಲಿ ಯಾವ ವಾಕ್ಯ ಬರಬೇಕು, ಮೈಎಸ್‌ಕ್ಯೂಎಲ್ಲಿನಲ್ಲಿ ಯಾವುದು" ಅಂತ ನೋಡೋಕೆ ಡೇಟಾಬೇಸೇ ಬೇಡ, ಎರಡು ಸಾಲು ಪಠ್ಯ ಹೋಲಿಸಿದರೆ ಸಾಕು. ಸಾವಿರಾರು ಇದ್ದರೂ ಕೆಲವೇ ಸೆಕೆಂಡಿನಲ್ಲಿ ಮುಗಿಯತ್ತೆ, ಹುನಗುಂದದ ಹಳೇ ಲ್ಯಾಪ್‌ಟಾಪಿನಲ್ಲೂ. ಇದು ಮೋಸ ಅಲ್ಲ, ಯಾಕಂದ್ರೆ ಇಲ್ಲಿ ಯಾರೂ ಡೇಟಾಬೇಸನ್ನ ಕೇಳಿದೀವಿ ಅಂತ ಸುಳ್ಳು ಹೇಳ್ತಿಲ್ಲ. ಆ ವಾಕ್ಯ ಅಲ್ಲಿ ನಿಜವಾಗಿ ನಡೆಯತ್ತಾ, ಸರಿ ಉತ್ತರ ಬರತ್ತಾ ಅನ್ನೋ ಎರಡನೇ ರಾಶಿ ಮಾತ್ರ ಅಸಲಿ ಡೇಟಾಬೇಸ್ ಮೇಲೆ ಓಡಬೇಕು.

ಎರಡನೇದು, ಟೇಬಲ್ಲುಗಳನ್ನ ಒಂದೇ ಸಲ ಕಟ್ಟಿ. ಪ್ರತಿ ಟೆಸ್ಟನ್ನ ಒಂದು ಟ್ರಾನ್ಸಾಕ್ಷನ್ ಒಳಗೆ ಓಡಿಸಿ, ಮುಗಿದ ಮೇಲೆ ರೋಲ್‌ಬ್ಯಾಕ್ ಮಾಡಿ. ಸ್ಲೇಟಿನ ಮೇಲೆ ಬರೆದು ಒರೆಸಿದ ಹಾಗೆ. ಇದೇನು ಹೊಸ ವಿದ್ಯೆ ಅಲ್ಲ, ಜ್ಯಾಂಗೊದಲ್ಲಿ 2009ರ 1.1 ಆವೃತ್ತಿಯಿಂದಲೂ ಟೆಸ್ಟುಗಳು ಹೀಗೇ ನಡೀತಾ ಇವೆ. ಎಚ್ಚರ ಎರಡು ಕಡೆ ಬೇಕು. ಮೈಎಸ್‌ಕ್ಯೂಎಲ್‌ನಲ್ಲಿ ಟೇಬಲ್ ಕಟ್ಟೋ ಆಜ್ಞೆ ಕೊಟ್ಟ ತಕ್ಷಣ ಟ್ರಾನ್ಸಾಕ್ಷನ್ ತಾನಾಗೇ ಕಮಿಟ್ ಆಗಿಬಿಡತ್ತೆ, ಅಂಥ ಟೆಸ್ಟುಗಳನ್ನ ಬೇರೆ ಇಡಬೇಕು. ಪೋಸ್ಟ್‌ಗ್ರೆಸ್ಸಿನಲ್ಲಿ ಆ ತೊಂದರೆ ಇಲ್ಲ. ಇನ್ನು ಐಡಿ ಎಣಿಸೋ ಕೌಂಟರುಗಳು ಎರಡರಲ್ಲೂ ರೋಲ್‌ಬ್ಯಾಕಿನಿಂದ ಹಿಂದಕ್ಕೆ ಹೋಗಲ್ಲ, ಆದ್ದರಿಂದ "ಮೊದಲ ಸಾಲಿನ ಐಡಿ ಒಂದೇ ಇರಬೇಕು" ಅಂತ ಟೆಸ್ಟ್ ಬರೀಬೇಡಿ.

ಮೂರನೇದು, ಟೆಸ್ಟಿನ ಡೇಟಾ ಶಾಶ್ವತ ಇರಬೇಕಾಗಿಲ್ಲ. ಡೇಟಾಬೇಸ್ ಪ್ರತಿ ಕಮಿಟ್ಟಿಗೂ "ಡಿಸ್ಕಿನ ಮೇಲೆ ಗಟ್ಟಿಯಾಗಿ ಬಿತ್ತಾ" ಅಂತ ಖಾತ್ರಿ ಮಾಡ್ಕೊಳ್ಳತ್ತೆ, ಅದರಲ್ಲಿ ಹೊತ್ತು ಹೋಗತ್ತೆ. ಪೋಸ್ಟ್‌ಗ್ರೆಸ್ಸಿನ ಕೈಪಿಡಿಯಲ್ಲೇ ಈ ಖಾತ್ರಿಗಳನ್ನ ಸಡಿಲಿಸೋಕೆ ಒಂದು ಭಾಗ ಇದೆ. ಎಫ್‌ಸಿಂಕ್ ಆಫ್ ಮಾಡಿ, ಸಿಂಕ್ರೊನಸ್ ಕಮಿಟ್ ಆಫ್ ಮಾಡಿ, ಡೇಟಾ ಡೈರೆಕ್ಟರಿಯನ್ನ ಮೆಮೊರಿಯಲ್ಲಿರೋ ಫೈಲ್‌ಸಿಸ್ಟಮ್ಮಿನಲ್ಲಿ ಇಡಿ ಅಂತ. ಕರೆಂಟ್ ಹೋದರೆ ಡೇಟಾ ಹಾಳಾಗಬಹುದು. ಆಗಲಿ ಬಿಡಿ, ಟೆಸ್ಟಿನ ಡೇಟಾ ತಾನೇ! ಮೆಮೊರಿಯ ವೇಗ ಬೇಕು ಅಂತ ಎಸ್‌ಕ್ಯೂಲೈಟಿಗೆ ಓಡಿದ್ರಲ್ಲ, ಆ ವೇಗದ ದೊಡ್ಡ ಪಾಲು ಅಸಲಿ ಪೋಸ್ಟ್‌ಗ್ರೆಸ್ಸಿನಲ್ಲೇ ಸಿಗತ್ತೆ. ಕೊಲೇಶನ್ನೂ ಅದರದ್ದೇ, ಬೈಗುಳವೂ ಅದರದ್ದೇ. ನಿಜವಾದ ಡೇಟಾ ಇರೋ ಸರ್ವರಿನಲ್ಲಿ ಮಾತ್ರ ಇದನ್ನ ಅಪ್ಪಿತಪ್ಪಿಯೂ ಮಾಡಬೇಡಿ ಮತ್ತೆ :)

ನಾಲ್ಕನೇದು, ಎಲ್ಲ ಕೋರ್‌ಗಳನ್ನೂ ದುಡಿಸಿ. ಸಮಾನಾಂತರವಾಗಿ ಓಡಿಸುವಾಗ ಎಲ್ಲ ಟೆಸ್ಟುಗಳೂ ಒಂದೇ ಡೇಟಾಬೇಸಿಗೆ ಮುತ್ತಿಗೆ ಹಾಕಿದರೆ ಒಬ್ಬರ ಡೇಟಾ ಇನ್ನೊಬ್ಬರು ತುಳೀತಾರೆ. ಇವತ್ತು ಪಾಸ್, ನಾಳೆ ಫೇಲ್, ಯಾಕೆ ಅಂತ ದೇವರಿಗೂ ಗೊತ್ತಾಗಲ್ಲ. ಪೋಸ್ಟ್‌ಗ್ರೆಸ್ಸಿನಲ್ಲಿ ಒಂದು ಟೆಂಪ್ಲೇಟ್ ಡೇಟಾಬೇಸ್ ತಯಾರು ಮಾಡಿಟ್ಟು, ಕೆಲಸಗಾರನಿಗೊಂದರಂತೆ ಅದರ ನಕಲು ತೆಗೀಬಹುದು. ನಕಲು ತೆಗೆಯುವಾಗ ಟೆಂಪ್ಲೇಟಿಗೆ ಬೇರೆ ಯಾರೂ ಕನೆಕ್ಟ್ ಆಗಿರಬಾರದು, ಅಷ್ಟೇ.

ಕೊನೇದು, ಎಲ್ಲವನ್ನೂ ಎಲ್ಲ ಹೊತ್ತಿನಲ್ಲೂ ಓಡಿಸಬೇಕಾಗಿಲ್ಲ. ಪ್ಯಾಚ್ ಬರೆಯೋ ಹುಡುಗಿ ಪಠ್ಯದ ಟೆಸ್ಟುಗಳನ್ನೂ ತನ್ನ ಹತ್ತಿರ ಇರೋ ಒಂದು ಅಸಲಿ ಡೇಟಾಬೇಸಿನ ಟೆಸ್ಟುಗಳನ್ನೂ ಓಡಿಸಲಿ. ಮೂರೂ ಡೇಟಾಬೇಸುಗಳ ಎಲ್ಲ ಆವೃತ್ತಿಗಳ ಮೇಲೆ ಓಡಿಸೋ ಭಾರ ಪ್ರಾಜೆಕ್ಟಿನ ಸರ್ವರಿಗೆ ಇರಲಿ, ಕೋಡ್ ಸೇರಿಸೋ ಮುಂಚೆ. ಭಾರ ಹೊರೋ ಶಕ್ತಿ ಇದ್ದವರು ಭಾರ ಹೊರಲಿ.

ಈ ಪಾಠವನ್ನ ಯಾರಿಂದ ಕಲೀಬೇಕು ಗೊತ್ತಾ? ಎಸ್‌ಕ್ಯೂಲೈಟ್ ಮಾಡಿದವರಿಂದಲೇ! 2023ರ 3.42.0 ಆವೃತ್ತಿಯ ಲೆಕ್ಕದಲ್ಲಿ ಅವರ ಲೈಬ್ರರಿ ಸುಮಾರು ಒಂದು ಲಕ್ಷ ಐವತ್ತಾರು ಸಾವಿರ ಸಾಲು, ಟೆಸ್ಟಿನ ಕೋಡು ಅದರ 590 ಪಟ್ಟು. ಅವರಿಗೂ ಪೂರ್ತಿ ಟೆಸ್ಟ್ ಓಡೋಕೆ ಗಂಟೆಗಟ್ಟಲೆ ಬೇಕು. ಹಾಗಂತ ಬೇರೊಂದು ಡೇಟಾಬೇಸ್ ತಂದು ಕೂರಿಸಿದರಾ? ಇಲ್ಲ. "ವೆರಿ ಕ್ವಿಕ್" ಅಂತ ಒಂದು ಚಿಕ್ಕ ಗುಂಪು ಮಾಡ್ಕೊಂಡಿದಾರೆ. ಬಹುತೇಕ ತಪ್ಪುಗಳನ್ನ ಕೆಲವೇ ನಿಮಿಷದಲ್ಲಿ ಹಿಡಿಯತ್ತೆ. ಪೂರ್ತಿ ಪರೀಕ್ಷೆ ಬಿಡುಗಡೆಗೆ ಮುಂಚೆ. ಅವರ ಸಾಫ್ಟ್‌ವೇರನ್ನ ನಾವು ಟೆಸ್ಟ್ ತಪ್ಪಿಸೋಕೆ ಬಳಸ್ತೀವಿ, ಅವರ ಶ್ರದ್ಧೆ ಮಾತ್ರ ನಮಗೆ ಬೇಡ.

ಹಾಂ, ನಿಮ್ಮ ಆಪ್ ನಿಜವಾಗಿ ಎಸ್‌ಕ್ಯೂಲೈಟ್ ಮೇಲೇ ನಡೆಯೋದಾದರೆ ಅದರ ಮೇಲೇ ಟೆಸ್ಟ್ ಮಾಡಿ, ಯಾರು ಬೇಡ ಅಂದ್ರು? ಎಲ್ಲಿ ಸಂಸಾರ ಮಾಡಬೇಕೋ ಅಲ್ಲಿ ಪರೀಕ್ಷೆ ಆಗಬೇಕು ಅನ್ನೋದಷ್ಟೇ ನನ್ನ ವಾದ.

ಇಳಕಲ್ ಸೀರೆ ನಿಮಗೆಲ್ಲ ಗೊತ್ತು. ಅದರ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡೂ ಹಾಸಿನ ಎಳೆಗಳನ್ನ ಕೊಂಡಿ ಹಾಕಿ ಸೇರಿಸಿ ನೇಯ್ತಾರೆ. ಆ ಕೊಂಡಿ ಹಾಕೋದು ತಾಳ್ಮೆಯ ಕೆಲಸ, ಹೊತ್ತು ಹಿಡಿಯತ್ತೆ. ಕೊಂಡಿ ಬಿಟ್ಟು ನೇಯ್ದರೆ ಬೇಗ ಆಗತ್ತೆ, ದೂರದಿಂದ ನೋಡಿದವರಿಗೆ ಅದೂ ಇಳಕಲ್ ಥರಾನೇ ಕಾಣಬಹುದು. ಆದರೆ ನಮ್ಮ ಕಡೆ ಹೆಣ್ಣುಮಕ್ಕಳು ಅಂಗಡಿಯಲ್ಲಿ ಮೊದಲು ತಿರುವಿ ನೋಡೋದೇ ಒಡಲು ಸೆರಗು ಕೂಡೋ ಜಾಗವನ್ನ. ಲೈಬ್ರರಿಗೂ ಡೇಟಾಬೇಸಿಗೂ ನಡುವೆ ಇರೋದು ಇಂಥದ್ದೇ ಒಂದು ಕೊಂಡಿ. ಟೆಸ್ಟ್ ಮಾಡಬೇಕಾದ ಜಾಗವೂ ಅದೇ. ಅದನ್ನೇ ಬಿಟ್ಟು ಬೇಗ ಮುಗಿಸಿದೆ ಅಂದ್ರೆ ಏನು ಮುಗಿಸಿದ ಹಾಗಾಯ್ತು?

ಓದುಗ ಮಿತ್ರರಲ್ಲಿ ಕೋಡ್ ಬರೆಯೋರು ತುಂಬಾ ಜನ ಇದೀರಿ ಅಂತ ನನಗೆ ಗೊತ್ತು. ಒಂದು ಕೆಲಸ ಮಾಡಿ. ನಾಳೆ ಆಫೀಸಿಗೆ ಹೋದಾಗ ನಿಮ್ಮ ಟೆಸ್ಟ್ ಡೇಟಾದಿಂದ ಜಾನ್ ಡೋನನ್ನ ಊರಿಗೆ ಕಳಿಸಿ, ನಿಮ್ಮ ಊರಿನ ಹೆಸರು ಕನ್ನಡದಲ್ಲಿ ಹಾಕಿ. ಓಕಾರ ಇರೋ ಊರಾದರೆ ಎರಡೂ ರೂಪದಲ್ಲಿ ಹಾಕಿ. ಅಸಲಿ ಡೇಟಾಬೇಸ್ ಮೇಲೆ ಓಡಿಸಿ. ಕೆಂಪು ಬಂದರೆ ಖುಷಿಪಡಿ, ಕೌಂಟರಿನ ಮುಂದೆ ನಿಂತ ಯಾವುದೋ ಅಜ್ಜನ ಒಂದು ದಿನ ಉಳಿಸಿದಿರಿ. ಕೋಡ್ ಬರೆಯದವರು, ಎಲ್ಲಾದರೂ ?????? ಕಂಡರೆ, ಹುಡುಕಿದರೂ ಹೆಸರು ಸಿಗದಿದ್ದರೆ, "ಕಂಪ್ಯೂಟರಿಗೆ ಕನ್ನಡ ಬರಲ್ಲ" ಅಂತ ಸುಮ್ಮನಾಗಬೇಡಿ. ಕಂಪ್ಯೂಟರಿಗೆ ಬರತ್ತೆ. 1991ರಲ್ಲೇ ಯೂನಿಕೋಡಿನ ಮೊದಲ ಆವೃತ್ತಿಯಲ್ಲೇ ಕನ್ನಡ ಇತ್ತು. ಪರೀಕ್ಷೆ ಮಾಡದೇ ಬಿಟ್ಟವರು ಮನುಷ್ಯರು, ಅವರಿಗೆ ದೂರು ಬರೀರಿ.

ಎಸ್‌ಕ್ಯೂಲೈಟ್ ಅಭಿಮಾನಿಗಳು, ಡಾಕರ್ ಭಕ್ತರು, "ನಮ್ಮ ಟೆಸ್ಟು ಮೂರು ಸೆಕೆಂಡಿನಲ್ಲಿ ಮುಗಿಯತ್ತೆ" ಅನ್ನೋ ಶೂರರು ಎಲ್ಲರಿಗೂ ಕೆಳಗೆ ಕಾಮೆಂಟಿನಲ್ಲಿ ಜಾಗ ಇದೆ. ಬೈಯೋದಿದ್ರೆ ಧಾರಾಳವಾಗಿ ಬೈಯಿರಿ. ಒಂದೇ ಷರತ್ತು: ಬೈಯೋ ಮುಂಚೆ ನಿಮ್ಮ ಸಿಸ್ಟಮ್ಮಿನಲ್ಲಿ ಎರಡೂ ಥರದ ಬಾಗಲಕೋಟೆ ಹಾಕಿ, ಒಂದು ಸಲ ಹುಡುಕಿ, ಎಷ್ಟು ಸಿಕ್ತು ಅಂತ ಬರೆದು ಆಮೇಲೆ ಬೈಯಿರಿ.